ಈಕ್ವಿಲ್ಯಾಬ್: ಹೋಲ್ಡ್‌ಎಮ್‌ನಲ್ಲಿ ಕಾಲ್ ಮಾಡಬೇಕಾ, ಬೇಡ್ವಾ?

ಹೋಲ್ಡ್‌ಎಮ್ ಅನ್ನುವ ಪೋಕರ್ ಆಟ ಆಡುವ ನಮ್ಮವರಲ್ಲಿ ತುಂಬಾ ಜನಕ್ಕೆ ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ಹೋಗುವುದು ಕಾಲ್ ಮಾಡುವಾಗ, ಅಂದರೆ ಎದುರಿನವನು ಹಾಕಿದ ಬೆಟ್‌ನಷ್ಟೇ ತಾವೂ ಕೊಟ್ಟು ಆಟದಲ್ಲಿ ಉಳಿಯುವಾಗ. ತೀನ್ ಪತ್ತಿ ಆಡಿ ಬಂದವರಿಗಂತೂ ಕೊನೆಯಲ್ಲಿ ಕಾಸು ಕೊಟ್ಟು ಷೋ ಕೇಳಿ ರೂಢಿ. ಹಬ್ಬದ ದಿನ ಮನೆಯಲ್ಲಿ ಆಡುವಾಗ ಅದರಲ್ಲಿ ತಪ್ಪೇನಿಲ್ಲ, ಅದೇ ಆ ಆಟದ ಮಜಾ. ಆದರೆ ಹೋಲ್ಡ್‌ಎಮ್‌ನ ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದ ಮೇಲೆ, ಎದುರಿನವನು ಪಾಟ್‌ನಷ್ಟೇ (ನಡುವೆ ಸೇರಿದ ಒಟ್ಟು ಚಿಪ್ಸ್‌ನಷ್ಟೇ) ದೊಡ್ಡ ಬೆಟ್ ಹಾಕಿದಾಗ, "ಏನಿದೆ ನೋಡೇಬಿಡೋಣ" ಅಂತ ಚಿಪ್ಸ್ ತಳ್ಳುವುದು ಬಹಳ ದುಬಾರಿ ಕುತೂಹಲ. ಇದನ್ನು ಸರಿಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಈಕ್ವಿಲ್ಯಾಬ್.

ಪೋಕರ್‌ಸ್ಟ್ರಾಟಜಿ ಅನ್ನುವ ತರಬೇತಿ ಸೈಟ್‌ನವರು ಮಾಡಿರುವ ಸಾಫ್ಟ್‌ವೇರ್ ಇದು. ಉಚಿತ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳಬಹುದು, ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಇದರಲ್ಲಿ ಆಟ ಆಡುವಂತಿಲ್ಲ, ದುಡ್ಡು ಕಟ್ಟುವಂತಿಲ್ಲ, ಬರೀ ಲೆಕ್ಕ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವುದು ಇಲ್ಲಿ ನಿಂತಿದೆ. ಈಗ ಬರೀ ಚಿಪ್ಸ್ ಇಟ್ಟುಕೊಂಡು ಗೆಳೆಯರ ಜೊತೆ ಆಡುವವರು, ಗೋವಾಕ್ಕೆ ಹೋದಾಗ ಕ್ಯಾಸಿನೋ ಟೇಬಲ್‌ನಲ್ಲಿ ಕೂರುವವರು, ಸುಮ್ನೆ ಆಟದ ಲೆಕ್ಕ ಇಷ್ಟ ಅನ್ನುವವರು, ಎಲ್ಲರಿಗೂ ಮನೆಯಲ್ಲಿ ಕೂತು ಕಲಿಯಲು ಇದು ಒಳ್ಳೆಯ ದಾರಿ.

ತೆರೆದರೆ ಆಟಗಾರರ ಸಾಲು, ಜೊತೆಗೆ ಬೋರ್ಡ್‌ನ ಎಲೆಗಳನ್ನು (ಮೇಜಿನ ಮೇಲೆ ಬಿಚ್ಚಿಡುವ, ಎಲ್ಲರಿಗೂ ಸೇರಿದ ಐದು ಎಲೆ) ಹಾಕುವ ಜಾಗ. ಒಬ್ಬೊಬ್ಬರಿಗೂ ಇಂಥದ್ದೇ ಅಂತ ಒಂದು ಕೈ (ಎರಡು ಎಲೆ) ಕೊಡಬಹುದು, ಇಲ್ಲ ಒಂದು ರೇಂಜ್ ಕೊಡಬಹುದು, ಅಂದರೆ ಅವನ ಹತ್ತಿರ ಇರಬಹುದಾದ ಕೈಗಳ ಪಟ್ಟಿ. ರೇಂಜ್ ಆರಿಸಲು 13 ಅಡ್ಡ, 13 ಉದ್ದದ ಚೌಕ ಇದೆ: 169 ಮನೆಗಳು, ಕರ್ಣದ ಮೇಲೆ ಜೋಡಿಗಳು, ಒಂದು ಬದಿಗೆ ಒಂದೇ ಬಣ್ಣದ (ಎರಡೂ ಇಸ್ಪೇಟ್, ಇಲ್ಲ ಎರಡೂ ಆಟಿನ್, ಹೀಗೆ) ಕೈಗಳು, ಇನ್ನೊಂದು ಬದಿಗೆ ಬೇರೆ ಬೇರೆ ಬಣ್ಣದವು. ಬೇಕಾದ ಮನೆ ಒತ್ತುತ್ತಾ ಹೋಗಿ ಲೆಕ್ಕ ಹಾಕು ಅಂದರೆ ಯಾರ ಗೆಲುವಿನ ಪಾಲು ಎಷ್ಟು ಶೇಕಡಾ ಅಂತ ತೋರಿಸುತ್ತದೆ. ಕನ್ನಡದಲ್ಲಿಲ್ಲ, ಆದರೆ ಇಸ್ಪೀಟಿನ ಗುರುತು ಗೊತ್ತಿದ್ದರೆ ಭಾಷೆ ಅಡ್ಡಬರುವುದಿಲ್ಲ.

ಆ ಶೇಕಡಾ ಎಷ್ಟಿದ್ದರೆ ಸಾಕು ಅನ್ನುವುದು ಎದುರಿನವನ ಬೆಟ್ ನೋಡಿ ಗೊತ್ತಾಗುತ್ತದೆ. ಪಾಟ್‌ನಲ್ಲಿ 1000 ಇದೆ, ಅವನು 500 ಹಾಕಿದ. ನೀವು 500 ಕೊಟ್ಟರೆ ಒಟ್ಟು 2000 ಆಗುತ್ತದೆ, ಅದರಲ್ಲಿ ನಿಮ್ಮದು ಕಾಲು ಭಾಗ. ಹಾಗಾಗಿ ನೂರಕ್ಕೆ 25 ಸಲ ಗೆದ್ದರೆ ಸಮಸಮ. ಪೂರ್ತಿ ಪಾಟ್‌ನಷ್ಟು ಬೆಟ್ ಆದರೆ ಶೇ 33 ಬೇಕು, ಪಾಟ್‌ನ ಎರಡರಷ್ಟು ಹಾಕಿದರೆ ಶೇ 40. ಈ ಮೂರು ಅಂಕಿ ಬಾಯಿಪಾಠ ಆಗಿದ್ದರೆ ಟೇಬಲ್‌ನಲ್ಲಿ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧದಲ್ಲೇ ಈ ಸಾಫ್ಟ್‌ವೇರ್‌ನ ಬೆಲೆ ಗೊತ್ತಾಗುವುದು. ಒಂದು ಕೈ ತಗೊಳ್ಳೋಣ. ನಿಮ್ಮ ಹತ್ತಿರ ಇಸ್ಪೇಟ್ ರಾಜ, ಇಸ್ಪೇಟ್ ರಾಣಿ. ಬೋರ್ಡ್ ಮೇಲೆ ಆಟಿನ್ ರಾಜ, ಆಟಿನ್ 9, ಕಳಾವರ್ 4, ಆಮೇಲೆ ಇಸ್ಪೇಟ್ 2, ಕೊನೆಗೆ ಡೈಮಂಡ್ 7. ಆಟಿನ್ ಫ್ಲಶ್ (ಐದೂ ಎಲೆ ಆಟಿನ್) ಯಾರಿಗೂ ಬರಲಿಲ್ಲ. ಎದುರಿನವನು ರಿವರ್‌ನಲ್ಲಿ ಪಾಟ್‌ನಷ್ಟೇ ಬೆಟ್ ಹಾಕಿದ. ನಿಮಗೆ ಶೇ 33 ಬೇಕು.

ನಿಮ್ಮನ್ನು ಹೊಡೆಯುವ ಯಾವ ಕೈ ಅವನ ಹತ್ತಿರ ಇರಬಹುದು? ಎಕ್ಕ-ರಾಜ: ಎಕ್ಕ ನಾಲ್ಕು, ಆದರೆ ರಾಜ ಉಳಿದಿರುವುದು ಎರಡೇ (ಒಂದು ಬೋರ್ಡ್‌ನಲ್ಲಿ, ಒಂದು ನಿಮ್ಮ ಕೈಯಲ್ಲಿ), ಹಾಗಾಗಿ 8 ಬಗೆ. 9ರ ಜೋಡಿ 3 ಬಗೆ, 4ರ ಜೋಡಿ 3 ಬಗೆ, ಒಂದೇ ಬಣ್ಣದ ರಾಜ-9 ಎರಡು ಬಗೆ. ಒಟ್ಟು 16. ಇನ್ನು ಕಾಲ್ ಸಮಸಮ ಆಗಬೇಕಾದರೆ ಅವನ ಹತ್ತಿರ 8 ಬಗೆ ಬ್ಲಫ್ (ಒಳ್ಳೆಯ ಕೈ ಇಲ್ಲದೆ ಹೆದರಿಸಲು ಹಾಕುವ ಬೆಟ್) ಇರಬೇಕು, 24ರಲ್ಲಿ 8. ತಪ್ಪಿಹೋದ ಆಟಿನ್ ಫ್ಲಶ್‌ಗಳನ್ನು ಎಣಿಸಿ: ಎಕ್ಕ-ರಾಣಿ, ಎಕ್ಕ-ಜಾಕಿ, ಎಕ್ಕ-10, ರಾಣಿ-ಜಾಕಿ, ರಾಣಿ-10, ಜಾಕಿ-10, 10-8, 6-5. ಪ್ರತಿಯೊಂದೂ ಒಂದೇ ಬಗೆ. ಇವಿಷ್ಟನ್ನೂ ಅವನು ಬ್ಲಫ್ ಮಾಡಿದರೆ ಸರಿಯಾಗಿ 8. ಅರ್ಧ ಮಾತ್ರ ಬ್ಲಫ್ ಮಾಡುವ ಆಸಾಮಿ ಆದರೆ 20ರಲ್ಲಿ 4, ಅಂದರೆ ಶೇ 20, ಕಣ್ಣು ಮುಚ್ಚಿ ಫೋಲ್ಡ್ ಮಾಡಿ, ಎಲೆ ಕೆಳಗಿಟ್ಟುಬಿಡಿ. ಆದರೆ ರಾಜ-ಜಾಕಿ ಇಟ್ಟುಕೊಂಡೂ ಅದೇ ಬೆಟ್ ಹಾಕುವ ಧೈರ್ಯದವನು ಅಂತಿಟ್ಟುಕೊಳ್ಳಿ. ನೀವು ಸೋಲಿಸುವ ಕೈ ಇನ್ನೂ 8 ಬಗೆ ಸೇರುತ್ತವೆ. ಎಲ್ಲಾ ಬ್ಲಫ್‌ಗಳೂ ಇದ್ದರೆ 32ರಲ್ಲಿ 16 ಆಯಿತು, ಕಾಲ್ ಮಾಡದಿದ್ದರೆ ನಷ್ಟ.

ಈಗ ಒಂದೇ ಒಂದು ಎಲೆ ಬದಲಿಸಿ ನೋಡಿ. ನಿಮ್ಮ ರಾಣಿ ಇಸ್ಪೇಟ್ ಬದಲು ಆಟಿನ್ ಆಗಿರಲಿ. ಆಟಿನ್ ರಾಣಿ ನಿಮ್ಮ ಹತ್ತಿರವೇ ಇರುವಾಗ ಅವನ ಹತ್ತಿರ ಎಕ್ಕ-ರಾಣಿ, ರಾಣಿ-ಜಾಕಿ, ರಾಣಿ-10 ಫ್ಲಶ್ ಡ್ರಾ (ಇನ್ನೊಂದು ಆಟಿನ್ ಬಂದರೆ ಫ್ಲಶ್ ಆಗುವ ಕೈ) ಇರಲು ಸಾಧ್ಯವೇ ಇಲ್ಲ. ಬ್ಲಫ್ 8ರಿಂದ 5ಕ್ಕೆ ಇಳಿಯಿತು, 21ರಲ್ಲಿ 5, ಶೇ 24ರ ಹತ್ತಿರ. ಅದೇ ರಾಜ-ರಾಣಿ, ಅದೇ ಬೋರ್ಡ್, ಅದೇ ಬೆಟ್, ಅದೇ ಮನುಷ್ಯ. ಸಮಸಮ ಇದ್ದ ಕಾಲ್ ಈಗ ಫೋಲ್ಡ್! ಬ್ಲಾಕರ್ ಅಂತ ದೊಡ್ಡ ಆಟಗಾರರು ಹೇಳುವುದು ಇದನ್ನೇ. ಯಾರೋ ಹೇಳಿದರೆ ತಲೆಗೆ ಹೋಗುವುದಿಲ್ಲ, ಈಕ್ವಿಲ್ಯಾಬ್‌ನಲ್ಲಿ ಎಲೆ ಬದಲಿಸಿ ಮತ್ತೆ ಲೆಕ್ಕ ಹಾಕಿದಾಗ ಅಂಕಿ ಇಳಿಯುವುದನ್ನು ಕಂಡರೆ ಮರೆಯುವುದಿಲ್ಲ.

ನನಗೆ ಈ ಸಾಫ್ಟ್‌ವೇರ್ ಇಷ್ಟವಾಗುವುದು ಇದಕ್ಕೇ. ಅದು ಕೊಡುವ ಉತ್ತರಕ್ಕಿಂತ ಅದು ಕೇಳುವ ಪ್ರಶ್ನೆ ಮುಖ್ಯ. ಎದುರಿನವನ ರೇಂಜ್ ತುಂಬದೆ ಅದು ಮುಂದೆ ಹೋಗುವುದಿಲ್ಲ. "ನನ್ನ ಕೈ ಚೆನ್ನಾಗಿದೆ, ಟಾಪ್ ಪೇರ್ (ಬೋರ್ಡ್‌ನ ಅತಿ ದೊಡ್ಡ ಎಲೆಯ ಜೋಡಿ) ಇದೆ" ಅನ್ನುವುದನ್ನು ಬಿಟ್ಟು "ಇವನು ಯಾವ್ಯಾವ ಕೈಯಲ್ಲಿ ಹೀಗೆ ಬೆಟ್ ಹಾಕುತ್ತಾನೆ" ಅಂತ ಯೋಚಿಸಲೇಬೇಕಾಗುತ್ತದೆ. ಕಾಲ್ ಮಾಡುವ ವಿದ್ಯೆ ಅಂದರೆ ಅಷ್ಟೇ ಅಲ್ವಾ?

ಬೆಟ್ ಹಾಕುವವರಿಗೂ ಇದು ಉಪಯೋಗ, ಆದರೆ ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅದೇ ರಾಜ-ರಾಣಿ, ಎದುರಿನವನು ರಿವರ್‌ನಲ್ಲಿ ಚೆಕ್ ಮಾಡಿದ, ಅಂದರೆ ಬೆಟ್ ಹಾಕದೆ ಸುಮ್ಮನಿದ್ದ ಅಂತಿಟ್ಟುಕೊಳ್ಳಿ. ಅವನ ಪೂರ್ತಿ ರೇಂಜ್ ಹಾಕಿದರೆ ನಿಮ್ಮ ಪಾಲು ಜಾಸ್ತಿ ಕಾಣಿಸುತ್ತದೆ, ಆದರೆ ಬೆಟ್ ಹಾಕಲು ಅದು ಕಾರಣ ಅಲ್ಲ. ತಪ್ಪಿಹೋದ ಡ್ರಾಗಳು ಹೇಗೂ ಫೋಲ್ಡ್ ಆಗುತ್ತವೆ, ಅವುಗಳಿಂದ ಒಂದು ಚಿಪ್ಪೂ ಬರುವುದಿಲ್ಲ. ನಿಮ್ಮ ಬೆಟ್‌ಗೆ ಕಾಲ್ ಮಾಡುವ ಕೈಗಳನ್ನಷ್ಟೇ ಇಟ್ಟು, ಉಳಿದದ್ದನ್ನು ತೆಗೆದು ಲೆಕ್ಕ ಹಾಕಿ. ಎಕ್ಕ-ರಾಜ 8, 9ರ ಜೋಡಿ 3 ನಿಮ್ಮನ್ನು ಹೊಡೆಯುತ್ತವೆ. ರಾಜ-ಜಾಕಿ 8, ಒಂದೇ ಬಣ್ಣದ ರಾಜ-10 ಎರಡು, 10ರ ಜೋಡಿ 6, ಇವನ್ನು ನೀವು ಹೊಡೆಯುತ್ತೀರಿ. 27ರಲ್ಲಿ 16, ಅರ್ಧಕ್ಕಿಂತ ಮೇಲೆ. ಬೆಟ್ ಹಾಕಬಹುದು. ಅವನು 10ರ ಜೋಡಿಯನ್ನು ಬಿಡುವಷ್ಟು ಹುಷಾರಿನವನು ಆದರೆ 21ರಲ್ಲಿ 10, ಆಗ ಚೆಕ್ ಮಾಡುವುದೇ ಒಳ್ಳೆಯದು. ಬೆಟ್ ದೊಡ್ಡದಾದಷ್ಟೂ ಕಾಲ್ ಮಾಡುವ ಪಟ್ಟಿ ಚಿಕ್ಕದಾಗುತ್ತದೆ. ಎಷ್ಟು ಬೆಟ್ ಹಾಕಬೇಕು ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ.

ಬ್ಲಫ್ ಲೆಕ್ಕ ಮಾತ್ರ ನೀವೇ ಮಾಡಿಕೊಳ್ಳಬೇಕು. ಅರ್ಧ ಪಾಟ್ ಬ್ಲಫ್ ಮಾಡಿದರೆ ಮೂರರಲ್ಲಿ ಒಂದು ಸಲ ಅವನು ಫೋಲ್ಡ್ ಮಾಡಿದರೆ ಸಾಕು, ಪೂರ್ತಿ ಪಾಟ್ ಹಾಕಿದರೆ ಎರಡರಲ್ಲಿ ಒಂದು ಸಲ.

ಇದಕ್ಕೆ ಒಂದು ದೊಡ್ಡ ಮಿತಿ ಇದೆ, ಹೊಸಬರು ಅಲ್ಲೇ ಎಡವುತ್ತಾರೆ. ಈಕ್ವಿಲ್ಯಾಬ್ ಕೊಡುವ ಶೇಕಡಾ, ಇನ್ನು ಮುಂದೆ ಯಾರೂ ಬೆಟ್ ಹಾಕುವುದಿಲ್ಲ, ಐದೂ ಎಲೆ ಬಂದು ಕೈ ಬಿಚ್ಚುತ್ತಾರೆ ಅಂತ ಮಾಡಿದ ಲೆಕ್ಕ. ಫ್ಲಾಪ್‌ನಲ್ಲಿ (ಬೋರ್ಡ್‌ನ ಮೊದಲ ಮೂರು ಎಲೆ ಬಂದಾಗ) ಫ್ಲಶ್ ಡ್ರಾ ಇದ್ದರೆ ಫ್ಲಶ್ ಬರುವ ಸಾಧ್ಯತೆ ಶೇ 35. ಎದುರಿನವನು ಅರ್ಧ ಪಾಟ್ ಹಾಕಿದ, ಶೇ 25 ಸಾಕು, ಹಾಗಾದರೆ ಕಾಲ್ ಮಾಡೋಣ ಅನಿಸುತ್ತದೆ. ಆದರೆ ಆ 35 ಸಿಗುವುದು ಎರಡು ಎಲೆ ನೋಡಿದರೆ. ಮುಂದಿನ ಒಂದೇ ಎಲೆಗೆ 47ರಲ್ಲಿ 9, ಅಂದರೆ ಶೇ 19. ಟರ್ನ್‌ನಲ್ಲಿ (ನಾಲ್ಕನೇ ಎಲೆ ಬಂದಾಗ) ಅವನು ಮತ್ತೆ ಬೆಟ್ ಹಾಕಿದರೆ ಎರಡನೇ ಎಲೆಗೆ ಮತ್ತೆ ದುಡ್ಡು ಕೊಡಬೇಕು. ಫ್ಲಶ್ ಬಂದ ಮೇಲೆ ಅವನಿಂದ ಇನ್ನಷ್ಟು ಬರುತ್ತದೆ ಅನ್ನುವ ಭರವಸೆ ಇದ್ದರೆ ಕಾಲ್ ಸರಿಹೋಗಬಹುದು. ಅವನ ಮುಂದೆ ಚಿಪ್ಸ್ ಎಷ್ಟು ಉಳಿದಿದೆ ನೋಡಿ, ಆ ಭರವಸೆಯನ್ನು ನೀವೇ ಅಳೆಯಬೇಕು. ಆಲ್-ಇನ್ (ಇದ್ದ ಚಿಪ್ಸ್ ಎಲ್ಲಾ ಹಾಕುವುದು) ಮತ್ತು ರಿವರ್ ಕಾಲ್‌ಗಳಿಗೆ ಈ ಸಾಫ್ಟ್‌ವೇರ್ ಪಕ್ಕಾ. ಫ್ಲಾಪ್, ಟರ್ನ್‌ಗೆ ಬರೀ ಒಂದು ಅಂದಾಜು.

ಅದಕ್ಕೂ ಮೇಲಿನ ಮಟ್ಟಕ್ಕೆ ಪಯೋಸಾಲ್ವರ್, ಜಿಟಿಒ ವಿಜಾರ್ಡ್ ತರಹದವು ಇವೆ. ಮುಂದಿನ ಬೆಟ್‌ಗಳನ್ನೂ ಸೇರಿಸಿ ಲೆಕ್ಕ ಹಾಕುತ್ತವೆ, ನಿಜವಾಗಿಯೂ ಅದ್ಭುತ ಕೆಲಸ. ಆದರೆ ಸಾಮಾನ್ಯವಾಗಿ ಎದುರಿನವನೂ ಅಷ್ಟೇ ಪಕ್ಕಾ ಆಡುತ್ತಾನೆ ಅಂತ ಹಿಡಿದು ಉತ್ತರ ಕೊಡುತ್ತವೆ. ವಾರಕ್ಕೊಮ್ಮೆ ನಿಮ್ಮ ಜೊತೆ ಆಡುವ ಗೆಳೆಯ ರಿವರ್‌ನಲ್ಲಿ ಬ್ಲಫ್ಫೇ ಮಾಡದವನಾದರೆ ಆ ಉತ್ತರ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಸಂಖ್ಯೆಗಳು ರೂಢಿಯಾಗುವ ಮೊದಲೇ ಅವಕ್ಕೆ ದುಡ್ಡು ಕಟ್ಟಬೇಡಿ.

ಬಳಸುವಾಗ ಮೊದಲು ಕಾಗದದ ಮೇಲೆ ನಿಮ್ಮ ಅಂದಾಜು ಬರೆದು ಆಮೇಲೆ ಬಟನ್ ಒತ್ತಿ. ಇದರಲ್ಲೇ ಒಂದು ಟ್ರೇನರ್ ಕೂಡ ಇದೆ, ಕೈ ತೋರಿಸಿ ಶೇಕಡಾ ಎಷ್ಟು ಊಹಿಸಿ ಅನ್ನುತ್ತದೆ, ಅದನ್ನು ಬಿಡಬೇಡಿ. ಎಕ್ಕದ ಜೋಡಿ ರಾಜನ ಜೋಡಿಯ ಎದುರು ಶೇ 82ರ ಹತ್ತಿರ, ರಾಣಿ ಜೋಡಿ ಬೇರೆ ಬಣ್ಣದ ಎಕ್ಕ-ರಾಜನ ಎದುರು ಶೇ 57ರ ಹತ್ತಿರ, ಇಂಥವು ತಾನಾಗಿ ತಲೆಯಲ್ಲಿ ಕೂರುತ್ತವೆ. ಆಟ ನಡೆಯುವಾಗ ಮಾತ್ರ ಇದನ್ನು ತೆರೆಯಬೇಡಿ, ಎದುರಿಗೆ ಕೂತವರಿಗೆ ಅದು ಮೋಸ. ಕೈ ಮುಗಿದ ಮೇಲೆ ಎಲೆಗಳನ್ನೂ ಬೆಟ್‌ಗಳನ್ನೂ ಫೋನ್‌ನಲ್ಲಿ ಬರೆದಿಟ್ಟುಕೊಂಡು ಮನೆಗೆ ಬಂದು ಹಾಕಿ ನೋಡಿ, ಸಾಧ್ಯವಾದರೆ ಆ ಕೈಯಲ್ಲಿ ಎದುರಿಗಿದ್ದ ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಂಡು "ನೀನು ಇಲ್ಲಿ ಇನ್ಯಾವ ಕೈಯಲ್ಲಿ ಬೆಟ್ ಹಾಕ್ತಿದ್ದೆ?" ಅಂತ ಕೇಳಿ.