ಎರಾಸ್ಮಸ್ ಪ್ಲಸ್ ವಿನಿಮಯ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಿಗೆ ಒದಗೀತೇ?

ಎರಾಸ್ಮಸ್ ಪ್ಲಸ್ ಎಂದರೆ ವಿದ್ಯಾರ್ಥಿಗಳು, ಅಧ್ಯಾಪಕರು ಬೇರೆ ದೇಶಕ್ಕೆ ಹೋಗಿ ಓದಿ, ಕಲಿಸಿ ಬರಲು ಯುರೋಪಿಯನ್ ಒಕ್ಕೂಟ ಹಣ ಕೊಡುವ ಯೋಜನೆ. ಅದರಲ್ಲಿ ಹಣದ ಲೆಕ್ಕ ಸ್ಪಷ್ಟ, ಕಾಗದಪತ್ರ ಅಚ್ಚುಕಟ್ಟು. ಕೆಲಸ ಕೆಡುವುದು ಹೆಚ್ಚಾಗಿ ವಿದ್ಯಾರ್ಥಿ ಮರಳಿ ಬಂದ ಮೇಲೆ, ನಮ್ಮದೇ ಪರೀಕ್ಷಾ ವಿಭಾಗದ ಟೇಬಲ್ ಮೇಲೆ. ಅಲ್ಲಿ ಓದಿ ಪಾಸಾದ ವಿಷಯಗಳಿಗೆ ಇಲ್ಲಿನ ಅಂಕಪಟ್ಟಿಯಲ್ಲಿ ಜಾಗ ಸಿಗದಿದ್ದರೆ ಅದೇ ಸೆಮಿಸ್ಟರನ್ನು ಆ ವಿದ್ಯಾರ್ಥಿ ಮತ್ತೆ ಬರೆಯಬೇಕಾಗುತ್ತದೆ. ಹಾಗಾಗಿ ಯೋಜನೆ ಹೇಗಿದೆ ಎಂಬುದರಷ್ಟೇ, ಅದನ್ನು ಬಳಸಿಕೊಳ್ಳಲು ನಾವು ಹೇಗಿರಬೇಕು ಎಂಬುದೂ ಇಲ್ಲಿ ಮುಖ್ಯ.

ಈಗಿನ ಎರಾಸ್ಮಸ್ ಪ್ಲಸ್‌ನ ಅವಧಿ 2021ರಿಂದ 2027. ಅದರೊಳಗೆ ನಮಗೆ ಸಂಬಂಧಪಟ್ಟದ್ದು ಯುರೋಪಿನ ಹೊರಗಿನ ದೇಶಗಳೊಡನೆ ವಿನಿಮಯಕ್ಕಿರುವ ಕೆಎ171 ಎಂಬ ಭಾಗ. ವಿದ್ಯಾರ್ಥಿ 2ರಿಂದ 12 ತಿಂಗಳು ಹೋಗಿಬರಬಹುದು, ಅಧ್ಯಾಪಕರು ಮತ್ತು ಸಿಬ್ಬಂದಿ 5 ದಿನಗಳಿಂದ 2 ತಿಂಗಳು. ಅಲ್ಲಿನ ವಿಶ್ವವಿದ್ಯಾಲಯ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಗ್ರಂಥಾಲಯ ಶುಲ್ಕ ಯಾವುದನ್ನೂ ಕೇಳುವಂತಿಲ್ಲ. ಇಲ್ಲಿನ ಕಾಲೇಜು ಮಾತ್ರ ತನ್ನ ಶುಲ್ಕ ಕಟ್ಟಿಸಿಕೊಳ್ಳಬಹುದು. ಪೋಷಕರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ದೊಡ್ಡ ಮಿತಿ ಒಂದಿದೆ. ಅರ್ಜಿ ಹಾಕುವ ಹಕ್ಕು ಯುರೋಪಿನ ವಿಶ್ವವಿದ್ಯಾಲಯದ್ದು ಮಾತ್ರ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಾಗಲಿ ತಾನಾಗಿ ಅರ್ಜಿ ಸಲ್ಲಿಸಲಾಗದು. ಅಲ್ಲಿನವರ ಗಡುವು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬರುತ್ತದೆ. ಜನವರಿಯಲ್ಲಿ ಇಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ. ದಸರೆಗೆ ಮುಂಚೆಯೇ ಮಾತು ಶುರುವಾಗಿ, ದೀಪಾವಳಿ ಹೊತ್ತಿಗೆ ಯಾವ ವಿಭಾಗ, ಎಷ್ಟು ಜನ, ಎಷ್ಟು ತಿಂಗಳು ಎಂಬುದು ಕಾಗದಕ್ಕೆ ಇಳಿದಿರಬೇಕು.

ಇಮೇಲ್ ಬರೆಯುವುದಾದರೂ ಯಾರಿಗೆ? ಅಂತರರಾಷ್ಟ್ರೀಯ ಕಚೇರಿಯ ಸಾಮಾನ್ಯ ವಿಳಾಸಕ್ಕೆ ಹೋದ ಪತ್ರಕ್ಕೆ ಉತ್ತರ ಬರುವುದು ಅಪರೂಪ. ನಿಮ್ಮ ವಿಷಯದಲ್ಲೇ ಕೆಲಸ ಮಾಡುವ ಒಬ್ಬ ಪ್ರಾಧ್ಯಾಪಕರನ್ನು ಹುಡುಕಿ, ಅವರ ಪ್ರಬಂಧ ಓದಿ, ಆಮೇಲೆ ಬರೆಯಬೇಕು. ನಮ್ಮಲ್ಲಿ ಏನಿದೆ ಎಂಬುದನ್ನು ಹೇಳಬೇಕೇ ಹೊರತು ಕಟ್ಟಡ, ಎಕರೆ, ರ್‍ಯಾಂಕು ಹೇಳಿ ಪ್ರಯೋಜನವಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಇರುವುದೇನು ಕಡಿಮೆಯೇ? ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಸುತ್ತಲೂ ದಾಳಿಂಬೆ, ದ್ರಾಕ್ಷಿ ಬೆಳೆವ ಒಣನೆಲವಿದೆ. ವಿಜಯಪುರದಲ್ಲಿ ತೊರವಿಯಿಂದ ನೀರು ತರುತ್ತಿದ್ದ ಆದಿಲ್‌ಶಾಹಿ ಕಾಲದ ಕರೇಜ್ ಸುರಂಗಗಳಿವೆ. ಜಲ ಎಂಜಿನಿಯರಿಂಗ್ ವಿಭಾಗಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. 1987ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲು ಇದೆ. ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಘಟಕಗಳಿವೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಮಹಿಳೆಯರನ್ನು ಒಳಗೊಂಡ, ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೆರಿಗೆಯ ನಂತರದ ರಕ್ತಸ್ರಾವದ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿದದ್ದನ್ನು ಅದು ತೋರಿಸಿತು. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಸಂಶೋಧಕರನ್ನು ಒಟ್ಟಿಗೆ ಕೂಡಿಸಿದ್ದು ಈ ಊರಿನದೇ ಒಂದು ಪ್ರಶ್ನೆ. ಶಾಲು ಹೊದಿಸಿ ಸಹಿ ಹಾಕಿದ ಒಡಂಬಡಿಕೆಗಳು ಕಪಾಟಿನಲ್ಲಿ ಬಿದ್ದಿರುವುದಕ್ಕೆ ಕಾರಣ ಅಂಥ ಪ್ರಶ್ನೆ ಅವುಗಳಲ್ಲಿ ಇಲ್ಲದಿರುವುದು.

ಇನ್ನು ಕ್ರೆಡಿಟ್, ಅಂದರೆ ಓದಿನ ಪ್ರಮಾಣದ ಅಳತೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಒಟ್ಟು ಓದು. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, 1200 ಗಂಟೆ, ಅಂದರೆ ಒಂದಕ್ಕೆ 30 ಗಂಟೆ. ಗಂಟೆ ಲೆಕ್ಕ ಹಿಡಿದರೆ ಎರಡೂ ಹೆಚ್ಚುಕಡಿಮೆ ಸಮ. ವರ್ಷದ ಲೆಕ್ಕ ಹಿಡಿದರೆ ಅವರ ಒಂದೂವರೆ ನಮ್ಮ ಒಂದಕ್ಕೆ ಸಮ. ಯಾವುದನ್ನು ಹಿಡಿಯಬೇಕೆಂದು ಮೊದಲೇ ಬರೆದಿಡದಿದ್ದರೆ ಆಮೇಲೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗುತ್ತದೆ. ಸೆಮಿಸ್ಟರ್‌ಗೆ ಅವರ 30, ನಮ್ಮ 20 ಎಂದು ವರ್ಷದ ಲೆಕ್ಕವನ್ನೇ ಅಧ್ಯಯನ ಮಂಡಳಿಯಲ್ಲಿ ಠರಾವು ಮಾಡಿಸುವುದು ಕ್ಷೇಮ. ಎರಡೂ ಕಡೆ ಪೂರ್ಣ ಸೆಮಿಸ್ಟರ್ ಎಂದರೆ ಪೂರ್ಣ ಸೆಮಿಸ್ಟರೇ ಆಗುತ್ತದೆ.

ಏನು ಓದುವುದು, ಏನು ಮಾನ್ಯವಾಗುವುದು ಎಂಬುದನ್ನು ಮೊದಲೇ ಬರೆದಿಡುವ ಕಲಿಕಾ ಒಪ್ಪಂದದ ನಮೂನೆಯಲ್ಲಿ ಎರಡು ಪಟ್ಟಿಗಳಿರುತ್ತವೆ. ಅಲ್ಲಿ ಓದುವ ವಿಷಯಗಳು ‘ಎ’ ಪಟ್ಟಿಗೆ, ಅವುಗಳ ಬದಲಿಗೆ ಇಲ್ಲಿ ಮಾನ್ಯವಾಗುವವು ‘ಬಿ’ ಪಟ್ಟಿಗೆ. ಒಂದಕ್ಕೊಂದು ಸರಿಸಮ ವಿಷಯ ಹುಡುಕಲೇಬೇಕೆಂಬ ನಿಯಮವಿಲ್ಲ, ಗುಂಪಿಗೆ ಗುಂಪು ಹೊಂದಿಸಬಹುದು. ನಮ್ಮವರು ಪಠ್ಯಕ್ರಮದ ಸಾಲುಸಾಲನ್ನು ತಾಳೆ ನೋಡಲು ಹೋಗಿಯೇ ತಿಂಗಳುಗಟ್ಟಲೆ ಕಳೆಯುತ್ತಾರೆ. ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಸೇರಿಸಿಕೊಳ್ಳುವ ಸಂಸ್ಥೆ, ಈ ಮೂವರ ಸಹಿ ಬಿದ್ದ ಪ್ರತಿ ವಿಮಾನ ಹತ್ತುವ ಮೊದಲೇ ಪರೀಕ್ಷಾ ವಿಭಾಗದ ಕೈಯಲ್ಲಿರಲಿ. ಅಲ್ಲಿ ಹೋದ ಮೇಲೆ ವಿಷಯ ಬದಲಾಗುವುದು ಮಾಮೂಲು. ಬದಲಾವಣೆಯ ಹಾಳೆಗೂ ಮೂವರೂ ಸಹಿ ಹಾಕಬೇಕು.

ಅಂಕಗಳ ವಿಚಾರದಲ್ಲಿ ಇನ್ನೊಂದು ತೊಡಕು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ತೇರ್ಗಡೆ, 5.0 ಎಂದರೆ ನಪಾಸು. 1.3 ಬಂದದ್ದನ್ನು ನೋಡಿ ಗುಮಾಸ್ತರು ಕಡಿಮೆ ಎಂದುಕೊಂಡಾರು. ಹತ್ತರ ಅಳತೆಯಲ್ಲಿ 4 ತೇರ್ಗಡೆ ಎಂದಿಟ್ಟುಕೊಂಡು ಬೇರೆ ದೇಶದ ಅಂಕವನ್ನು ಜರ್ಮನ್ ಅಳತೆಗೆ ತರುವ ಬವೇರಿಯನ್ ಸೂತ್ರವನ್ನು ತಿರುಗಿಸಿದರೆ ಅದು 9.4 ಆಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜುಗಳಲ್ಲಿ ಆಂತರಿಕ ಮೌಲ್ಯಮಾಪನ 50, ಸೆಮಿಸ್ಟರ್ ಪರೀಕ್ಷೆ 50 ಎಂದು ಬೇರೆಬೇರೆ ತುಂಬಬೇಕು, ಹಾಜರಾತಿಯೂ ಬೇಕು. ಹೊರಗಿನಿಂದ ಬರುವುದು ಒಂದೇ ಅಂಕಿ. ಅದನ್ನು ಸೀಳಿ ತುಂಬಲು ಹೋಗಬಾರದು. ‘ವರ್ಗಾಯಿತ ಕ್ರೆಡಿಟ್’ ಎಂಬ ಪ್ರತ್ಯೇಕ ಸಾಲಿಗೆ ಅನುಮತಿ ಪಡೆಯಬೇಕು. ಬೆಳಗಾವಿಯ ಗೋಗಟೆ, ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳಿಗೆ ತಮ್ಮದೇ ಅಧ್ಯಯನ ಮಂಡಳಿ ಇರುವುದರಿಂದ ಇದು ಸಾಧ್ಯ. ಸಂಯೋಜಿತ ಕಾಲೇಜಿಗೆ ಈ ಯೋಜನೆ ಸದ್ಯಕ್ಕೆ ಕಷ್ಟ ಎಂದೇ ಹೇಳಬೇಕು. ಅಂಥವರು ಅಂತಿಮ ವರ್ಷದ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟಿಗೆ ಕಳಿಸಲಿ. ತರಬೇತಿಗೂ ಎರಾಸ್ಮಸ್‌ನಲ್ಲಿ ಅವಕಾಶವಿದೆ, ವಿಷಯವಾರು ತಾಳೆಯ ಗೋಜು ಅಲ್ಲಿ ಕಡಿಮೆ.

ವೇಳಾಪಟ್ಟಿಯೂ ಹೊಂದುವುದಿಲ್ಲ. ಜರ್ಮನಿಯ ಚಳಿಗಾಲದ ತರಗತಿಗಳು ಅಕ್ಟೋಬರ್ ಮಧ್ಯದಿಂದ ಫೆಬ್ರುವರಿವರೆಗೆ, ಬೇಸಿಗೆಯವು ಏಪ್ರಿಲ್‌ನಿಂದ ಜುಲೈವರೆಗೆ. ಅಲ್ಲಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಆರಂಭವಾಗಿರುತ್ತದೆ. ಮೊದಲ ಮೂರ್ನಾಲ್ಕು ವಾರಗಳ ಹಾಜರಾತಿ ರಿಯಾಯಿತಿಗೂ ಮುಂಚಿತವಾಗಿ ಠರಾವು ಬೇಕು.

ಹಣದ ಬಗ್ಗೆ: ಇಲ್ಲಿಂದ ಹೋಗುವ ವಿದ್ಯಾರ್ಥಿಗೆ ದೇಶವಾರು ತಿಂಗಳಿಗೆ 800ರಿಂದ 900 ಯೂರೊ, ಜೊತೆಗೆ ದೂರಕ್ಕೆ ತಕ್ಕ ಪ್ರಯಾಣ ವೆಚ್ಚ. ಜರ್ಮನಿಯ ವೀಸಾಕ್ಕೆ ತಿಂಗಳಿಗೆ 992 ಯೂರೊ ಇದೆಯೆಂದು ತೋರಿಸಬೇಕು, ಹಾಗಾಗಿ ಅಂತರವನ್ನು ಮನೆಯವರೇ ತುಂಬಬೇಕು. ಅನುದಾನದ ಒಂದು ಪಾಲು ಕೊನೆಗೆ, ಆನ್‌ಲೈನ್ ಸಮೀಕ್ಷೆ ತುಂಬಿದ ಮೇಲೆ ಬರುವುದುಂಟು. ಟಿಕೆಟ್, ವೀಸಾ, ವಿಮೆಗೆ ಮೊದಲು ಕೈಯಿಂದಲೇ ಹಾಕಬೇಕು. ವೀಸಾ ಅರ್ಜಿಗೆ ಬೆಂಗಳೂರಿಗೆ ಹೋಗಿಬರುವುದೂ ಇದೆ, ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ವಿಜಯಪುರ, ಬಾಗಲಕೋಟೆಯವರಿಗೆ ಗೋಲ್‌ಗುಂಬಜ್. ಬಡ ಮನೆಯ ಮಕ್ಕಳು ಹಿಂದೆ ಸರಿಯುವುದು ಇಲ್ಲೇ. ಕಾಲೇಜು ಬಡ್ಡಿಯಿಲ್ಲದ ಮುಂಗಡ ನಿಧಿಯೊಂದನ್ನು ಇಟ್ಟುಕೊಳ್ಳಲೇಬೇಕು.

ಅನುದಾನ ಯುರೋಪಿನ ವಿಶ್ವವಿದ್ಯಾಲಯದಿಂದ ನೇರ ವಿದ್ಯಾರ್ಥಿಯ ಖಾತೆಗೆ ಬರುವಂತೆ ಒಪ್ಪಂದ ಮಾಡಿಕೊಳ್ಳಿ. ಆಡಳಿತ ವೆಚ್ಚದ ಪಾಲೆಂದು ಕಾಲೇಜಿನ ಟ್ರಸ್ಟಿಗೆ ಹಣ ತರಿಸಿದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆ ಇವೆಲ್ಲ ಬೇಕಾಗುವ ಸಂಭವವಿದೆ. ನೋಂದಣಿ ಇಲ್ಲದವರು ಆ ಪಾಲನ್ನು ಬಿಟ್ಟುಕೊಡುವುದೇ ಲೇಸು.

ಅಲ್ಲಿಂದ ಇಲ್ಲಿಗೆ ಬರುವವರ ವಿಷಯದಲ್ಲಿ ನಮ್ಮ ಹಾಸ್ಟೆಲ್‌ಗಳು ಎಡವುವುದು ವಿದೇಶಿ ಅತಿಥಿಯ ವಿವರ ಕೊಡುವ, ಸಿ-ಫಾರ್ಮ್ ಎಂದೇ ರೂಢಿಯಾದ ನಮೂನೆಯಲ್ಲಿ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಅದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ಅಧ್ಯಾಪಕರ ಮನೆಯಲ್ಲಿ ಇಳಿದುಕೊಂಡರೂ ಸರಿ. ವಿದ್ಯಾರ್ಥಿ ವೀಸಾದಲ್ಲಿ 180 ದಿನಕ್ಕಿಂತ ಹೆಚ್ಚು ಇರುವವರು 14 ದಿನದೊಳಗೆ ನೋಂದಣಿ ಮಾಡಿಸಬೇಕು. ವಾರ್ಡನ್‌ಗೆ ಲಾಗಿನ್ ಮಾಡಿಕೊಟ್ಟು, ಒಮ್ಮೆ ತುಂಬಿಸಿ ತೋರಿಸಿ.

ಈ ವಿನಿಮಯವನ್ನು ಜಂಟಿ ಪದವಿಯೊಂದಿಗೆ ಬೆರೆಸಬೇಡಿ. ಅದಕ್ಕೆ ಯುಜಿಸಿಯ 2022ರ ನಿಯಮಗಳು ಬೇರೆ ಇವೆ: ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಅಥವಾ ಕೇಂದ್ರದ ರ್‍ಯಾಂಕ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ಮೊದಲ ನೂರರಲ್ಲಿ ಸ್ಥಾನ, ಆಚೆಯವರಿಗೆ ಜಾಗತಿಕ ಮೊದಲ ಸಾವಿರದಲ್ಲಿ ಸ್ಥಾನ. ಒಂದು ಸೆಮಿಸ್ಟರಿನ ವಿನಿಮಯಕ್ಕೆ ಅದರ ಹಂಗಿಲ್ಲ.

ಹೊಸದಾಗಿ ಶುರುಮಾಡುವವರು ಮೊದಲ ವರ್ಷ ವಿದ್ಯಾರ್ಥಿಗಳನ್ನು ಕಳಿಸುವುದೇ ಬೇಡ. ಅಲ್ಲಿನ ಒಬ್ಬ ಅಧ್ಯಾಪಕರು ಒಂದು ವಾರ ಇಲ್ಲಿಗೆ ಬರಲಿ, ಇಲ್ಲಿನ ಒಬ್ಬರು ಅಲ್ಲಿಗೆ ಹೋಗಲಿ. ವಾರಕ್ಕೆ ಕನಿಷ್ಠ 8 ಗಂಟೆ ಪಾಠ ಮಾಡಬೇಕೆಂಬ ನಿಯಮವಿದೆ. ಉಳಿದ ಹೊತ್ತಿನಲ್ಲಿ ಇಬ್ಬರೂ ಪಠ್ಯಕ್ರಮ ಹರಡಿಕೊಂಡು ಕೂತು ‘ಎ’, ‘ಬಿ’ ಪಟ್ಟಿಯ ಕರಡು ಬರೆಯಲಿ, ಪರೀಕ್ಷಾ ವಿಭಾಗದ ಅಧೀಕ್ಷಕರನ್ನೂ ಆ ಮೇಜಿಗೆ ಕರೆಯಲಿ.