ಹದಿನೈದಕ್ಕೆ ಬಿಡಬೇಕೋ, ಮುಂದುವರಿಯಬೇಕೋ: ಜವಾನನ ನೌಕರಿಯ ವಿಮರ್ಶೆ

ಧಾರವಾಡ, ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ಸೈನ್ಯದ ನೌಕರಿಯನ್ನು ಸೇರುವಾಗ ಮಾತ್ರ ತೂಗಿ ನೋಡುತ್ತಾರೆ: ಓಟದಲ್ಲಿ ಪಾಸಾದನೇ, ಮೆಡಿಕಲ್ ದಾಟಿದನೇ, ಪಗಾರ ಎಷ್ಟು. ನೌಕರಿಯ ನಿಜವಾದ ಪರೀಕ್ಷೆ ಇರುವುದು 15ನೇ ವರ್ಷದಲ್ಲಿ. ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ ಆಗ ಮುಗಿಯುತ್ತದೆ. ವಯಸ್ಸು ಇನ್ನೂ ಮೂವತ್ತೈದರ ಆಸುಪಾಸು, ಮಕ್ಕಳು ಸಾಲಿಯಲ್ಲಿ, ಅಪ್ಪನಿಗೆ ಹೊಲದ ಕೆಲಸ ಸಾಗುತ್ತಿಲ್ಲ. ಆ ತಿರುವಿನಲ್ಲಿ ನಿಂತವರಿಗಾಗಿ ಈ ವಿಮರ್ಶೆ. ನಮ್ಮ ಅಂಕ ಐದಕ್ಕೆ ಮೂರೂವರೆ. ರಜೆ ಮತ್ತು ಸಂಸಾರದ ವಿಷಯಕ್ಕೆ ಒಂದು ಅಂಕ ಕಳೆದಿದ್ದೇವೆ, ಕಾಗದಪತ್ರದ ತೊಡಕಿಗೆ ಅರ್ಧ.

ಮೊದಲು ಹಣ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ಸಿಪಾಯಿಯ ಮೂಲ ವೇತನ 21,700 ರೂಪಾಯಿಯಿಂದ ಶುರು. ಮಿಲಿಟರಿ ಸರ್ವಿಸ್ ಪೇ, ಅಂದರೆ ಸೈನಿಕ ಬದುಕಿನ ಕಷ್ಟಕ್ಕೆ ಕೊಡುವ ಹೆಚ್ಚುವರಿ ವೇತನ, ತಿಂಗಳಿಗೆ 5,200. ಪಿಂಚಣಿ ಎಂದರೆ ಕೊನೆಯ ಮೂಲ ವೇತನ ಮತ್ತು ಈ 5,200 ಕೂಡಿಸಿದ ಮೊತ್ತದ ಅರ್ಧ. ಬಡ್ತಿ ಸಿಗದವರಿಗೂ 8, 16, 24ನೇ ವರ್ಷಕ್ಕೆ ಎಂಎಸಿಪಿ (ಸೇವಾವಧಿ ಆಧರಿಸಿ ವೇತನ ಏರಿಸುವ ಯೋಜನೆ) ಮೂಲಕ ಮೇಲಿನ ಹಂತದ ವೇತನ ಸಿಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಬಡ್ತಿಯಿಲ್ಲದ ಸಿಪಾಯಿಯ ಮೂಲ ವೇತನ 15 ವರ್ಷಕ್ಕೆ ಸುಮಾರು 35,300 ತಲುಪುತ್ತದೆ. ಆಗ ಬಿಟ್ಟರೆ ಪಿಂಚಣಿ 20,250. 16 ತುಂಬಿಸಿ, ಎರಡನೇ ಎಂಎಸಿಪಿ ಪಡೆದು, ವೇತನ ಪಟ್ಟಿಯ ಐದನೇ ಹಂತದ 38,100ಕ್ಕೆ ಕೂತರೆ ಪಿಂಚಣಿ 21,650. ತಿಂಗಳಿಗೆ 1,400 ರೂಪಾಯಿ ವ್ಯತ್ಯಾಸ, ಅದೂ ತುಟ್ಟಿಭತ್ಯೆ ಸೇರಿಸುವ ಮೊದಲು, ಅದೂ ಜೀವನಪೂರ್ತಿ. ಒಂದು ವರ್ಷದ ತಾಳ್ಮೆಗೆ ಇದು ದೊಡ್ಡ ಫಲ. ಹದಿನೈದು ತುಂಬಿದ ಮಾರನೇ ದಿನವೇ ಅರ್ಜಿ ಹಾಕುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಮಾತು. ಕರಾರಿನ ಅವಧಿ ಮುಗಿಸಿ ಬರುವುದು ಬೇರೆ, ಸ್ವಂತ ಕೋರಿಕೆಯ ಮೇಲೆ ಡಿಸ್ಚಾರ್ಜ್ ಪಡೆಯುವುದು ಬೇರೆ. ಸಮಾನ ಹುದ್ದೆಗೆ ಸಮಾನ ಪಿಂಚಣಿಯ (ಯಾವಾಗ ನಿವೃತ್ತರಾದರೂ ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ) 2015ರ ನವೆಂಬರ್ 7ರ ಆದೇಶದಲ್ಲಿ, ಇನ್ನು ಮುಂದೆ ಸ್ವಂತ ಕೋರಿಕೆಯ ಮೇಲೆ ಹೊರಬರುವವರಿಗೆ ಆ ಸೌಲಭ್ಯ ಇಲ್ಲ ಎಂಬ ಷರತ್ತಿದೆ. ಈ ಷರತ್ತಿನ ತಕರಾರು ಸೇನಾ ನ್ಯಾಯಮಂಡಳಿಯವರೆಗೂ ಹೋಗಿದೆ. ಹಾಗಾಗಿ ಅರ್ಜಿಯಲ್ಲಿ ಯಾವ ಕಾರಣ ಬರೆಯುತ್ತಿದ್ದೀರಿ ಎಂಬುದನ್ನು ಕ್ಲರ್ಕ್ ಮುಂದೆ ಕೂತು ಓದಿಯೇ ಸಹಿ ಹಾಕಿ. ಪಿಂಚಣಿಯ ಅರ್ಧದವರೆಗೆ ಮಾರಿಕೊಳ್ಳಬಹುದು, ಅಂದರೆ ಅದರ ಬದಲು ಒಟ್ಟು ಮೊತ್ತವನ್ನು ಮುಂಗಡವಾಗಿ ಪಡೆಯಬಹುದು. ಆ ಭಾಗ ಮರಳಿ ಸೇರಲು 15 ವರ್ಷ ಬೇಕು. ತುಟ್ಟಿಭತ್ಯೆ ಮಾತ್ರ ಪೂರ್ತಿ ಪಿಂಚಣಿಯ ಮೇಲೇ ಸಿಗುತ್ತದೆ.

ಹಣದ ಲೆಕ್ಕ ಇಷ್ಟು ಚೆನ್ನಾಗಿದ್ದರೂ ಜನ ಬಿಟ್ಟು ಬರುವುದು ರಜೆಗಾಗಿ. ಕಾಗದದ ಮೇಲೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಯಾವ ಖಾಸಗಿ ಕಂಪನಿಯೂ ಇಷ್ಟು ಕೊಡುವುದಿಲ್ಲ. ಆದರೆ ಯೂನಿಟ್ಟಿನಲ್ಲಿ ಇಂತಿಷ್ಟು ಜನ ಇರಲೇಬೇಕು, ಎಲ್ಲರಿಗೂ ಒಟ್ಟಿಗೆ ಬಿಡುವು ಕೊಡಲಾಗದು. ನಮ್ಮ ಕಡೆಯವರಿಗೆ ರಜೆ ಬೇಕಾಗುವುದು ಮುಂಗಾರಿ ಬಿತ್ತನೆಗೆ, ಸುಗ್ಗಿಯ ರಾಶಿಗೆ, ಬ್ಯಾಡಗಿ ಸೀಮೆಯವರಾದರೆ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ. ಬೇಕಾದಾಗ ಸಿಗದ ರಜೆ 90 ದಿನವಿದ್ದರೂ ಮನಸ್ಸಿಗೆ ತೃಪ್ತಿ ಕೊಡದು. ದಾರಿ ಬೇರೆ ದೂರ. ಹುಬ್ಬಳ್ಳಿ ಮೇಲೆ ದಿಲ್ಲಿಯ ನಿಜಾಮುದ್ದೀನ್‌ಗೆ ಹೋಗುವ ಸಂಪರ್ಕ ಕ್ರಾಂತಿ ರೈಲು ದಿನಾ ಓಡುವುದಿಲ್ಲ, ದಿಲ್ಲಿಯಿಂದಾಚೆಯ ಪ್ರಯಾಣ ಬೇರೆಯೇ. ವರ್ಷದ ಆರಂಭದಲ್ಲೇ ರಜೆಯ ಯೋಜನೆಯಲ್ಲಿ ಬಿತ್ತನೆಯ ತಿಂಗಳು ಬರೆಸಿ, ವಾರಂಟ್ (ಸರ್ಕಾರಿ ಖರ್ಚಿನ) ಟಿಕೆಟ್ ಮುಂಚೆಯೇ ತೆಗೆಸುವವರಿಗೆ ಪೇಚಾಟ ಕಡಿಮೆ. ರಜೆ ತಪ್ಪಿದ ಸಿಟ್ಟಿನಲ್ಲಿ ಎಕ್ಸ್‌ಟೆನ್ಶನ್‌ಗೆ, ಅಂದರೆ ಸೇವೆ ಮುಂದುವರಿಸಲು, ‘ಅನ್‌ವಿಲ್ಲಿಂಗ್’ (ಒಪ್ಪಿಗೆಯಿಲ್ಲ) ಎಂದು ಬರೆದುಕೊಡುವುದು ಅತಿ ದುಬಾರಿಯ ತಪ್ಪು. ಡಿಸ್ಚಾರ್ಜ್ ಆದೇಶ ಹೊರಟ ಮೇಲೆ ಅದನ್ನು ತಿರುಗಿಸುವುದು ಬಹಳ ಕಷ್ಟ.

ಸಂಸಾರ ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಬಂದಾಗ ಅನೇಕರು ಹೆಂಡತಿ ಮಕ್ಕಳನ್ನು ಧಾರವಾಡದಲ್ಲಿ ಬಾಡಿಗೆ ಮನೆ ಮಾಡಿ ಇಡುತ್ತಾರೆ. ಒಳ್ಳೆಯ ಆಯ್ಕೆ: ಕೇಂದ್ರೀಯ ವಿದ್ಯಾಲಯ ಇದೆ, ಮುಂದೆ ಸಪ್ತಾಪುರದ ಕೋಚಿಂಗ್ ಇದೆ, ಎರಡು ಮಕ್ಕಳಿಗೆ ಶಿಕ್ಷಣ ಭತ್ಯೆಯೂ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಸಾಲಿ ಬದಲಿಸುವ ಕಾಟ ತಪ್ಪಿದ ಮನೆಯ ಜವಾನ ನಿಶ್ಚಿಂತೆಯಿಂದ ಮುಂದುವರಿಯುತ್ತಾನೆ.

ಕ್ಯಾಂಟೀನ್ ಚೆನ್ನಾಗಿದೆ, ಆದರೆ ಅದಕ್ಕಾಗಿ ನೌಕರಿಯಲ್ಲಿ ಉಳಿಯುವವರಿಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ತೂಕದ ಸೌಲಭ್ಯ: ಹವಾಲ್ದಾರ್‌ವರೆಗಿನವರು ಒಮ್ಮೆ 30,000 ಕಟ್ಟಿದರೆ ಗಂಡ ಹೆಂಡತಿಗೆ ಜೀವಮಾನದ ವೈದ್ಯಕೀಯ ರಕ್ಷಣೆ. ರೋಣ, ಹಾನಗಲ್ ಕಡೆಯವರು ಒಂದನ್ನು ನೆನಪಿಡಬೇಕು. ತುರ್ತಿಗೆ ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಸೇರಿದರೆ 48 ಗಂಟೆಯೊಳಗೆ ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ತಡವಾದರೆ ಬಿಲ್ ಸಿಕ್ಕಿಹಾಕಿಕೊಳ್ಳುತ್ತದೆ.

2022ರಿಂದ ನಾಲ್ಕು ವರ್ಷದ ಕರಾರಿನ ಮೇಲೆ ಸೇರುತ್ತಿರುವ ಅಗ್ನಿವೀರರಿಗೆ ಈ ಲೆಕ್ಕವೇ ಬೇರೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷಕ್ಕೆ 40,000. ಅದರಲ್ಲಿ ಶೇ 30, ಅವಧಿ ಮುಗಿದಾಗ ಒಟ್ಟಿಗೆ ಸಿಗುವ ಸೇವಾ ನಿಧಿಗೆ ಹೋಗಿ ಕೈಗೆ ಸಿಗುವುದು 21,000ದಿಂದ 28,000. ನಾಲ್ಕು ವರ್ಷಕ್ಕೆ ಇವರ ಪಾಲು 5.02 ಲಕ್ಷ, ಸರ್ಕಾರದ್ದೂ ಅಷ್ಟೇ. ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆಯಿಲ್ಲ. 48 ಲಕ್ಷದ ವಿಮೆ ಇದೆ. ಪಿಂಚಣಿ, ಗ್ರಾಚ್ಯುಟಿ, ಇಸಿಎಚ್‌ಎಸ್, ಮಾಜಿ ಸೈನಿಕನ ದರ್ಜೆ ಇಲ್ಲ. ಕಾಯಂ ಆಗುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ. ವಾರ್ಷಿಕ ರಜೆಯೂ 30 ದಿನವಷ್ಟೇ. ಇಪ್ಪತ್ತರ ಹುಡುಗನಿಗೆ ಇದು ಒಳ್ಳೆಯ ಆರಂಭ, ಆದರೆ ಆ 11 ಲಕ್ಷವನ್ನು ನಂಬಿ ಮೊದಲೇ ಮನೆ ಕಟ್ಟಿಸುವ ಸಾಲ ಮಾಡಬಾರದು. ಸೇವೆಯಲ್ಲಿರುವಾಗಲೇ ದೂರಶಿಕ್ಷಣದಲ್ಲಿ ಪದವಿ ಶುರು ಮಾಡಿದರೆ ಹೊರಬಂದ ದಿನ ಕೈ ಖಾಲಿ ಇರುವುದಿಲ್ಲ.

ಕೊನೆಗೆ ಆ ಅರ್ಧ ಅಂಕ. ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುತ್ತದೆ; ಅಲ್ಲಿ ಹೆಸರು ಆಧಾರ್‌ಗೆ ಅಕ್ಷರಶಃ ಹೊಂದಬೇಕು. ನಮ್ಮ ಕಡೆ ಮನೆತನದ ಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುವ ಮನೆಗಳೂ ಇವೆ. ಪಾರ್ಟ್ ಟೂ ಆರ್ಡರ್‌ನಲ್ಲಿ (ಮದುವೆ, ಮಕ್ಕಳ ವಿವರ ದಾಖಲಿಸುವ ಯೂನಿಟ್ ಆದೇಶ) ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮುಂದೆ ಕುಟುಂಬ ಪಿಂಚಣಿ ನಿಲ್ಲುತ್ತದೆ. ಇದನ್ನು ಡಿಸ್ಚಾರ್ಜ್‌ಗೆ ಕನಿಷ್ಠ ಒಂದು ವರ್ಷ ಮೊದಲು, ಯೂನಿಟ್‌ನಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಿ. ಹೆಂಡತಿಯ ಹೆಸರು, ಮಕ್ಕಳ ಜನ್ಮದಿನಾಂಕ, ಜಂಟಿ ಖಾತೆ, ಈ ಮೂರನ್ನೂ ರೆಕಾರ್ಡ್ ಆಫೀಸಿನ ಪ್ರತಿಯೊಂದಿಗೆ ಎದುರಿಗಿಟ್ಟು ತಾಳೆ ನೋಡಿ, ಒಂದು ಪ್ರತಿಯನ್ನು ಊರಲ್ಲಿ ಹೆಂಡತಿಯ ಕೈಯಲ್ಲೇ ಇರಿಸಿ.