ನಂಬರ್‌ಗೆ ಟೇಪ್ ಅಂಟಿಸಿ ಹೊಡೆದು ನೋಡಿ: ಪಿಂಗ್ ಐ2 ಜೊತೆ 11 ವರ್ಷ, ಹೊಸ ಸೆಟ್ ಜೊತೆ 3 ವರ್ಷ

ಗಾಲ್ಫ್‌ನಲ್ಲಿ ಲೋಹದ ಚಪ್ಪಟೆ ತಲೆಯ ಕ್ಲಬ್‌ಗೆ ಐರನ್ ಎನ್ನುತ್ತಾರೆ, ಅದರ ನಂಬರ್ ದೊಡ್ಡದಾದಷ್ಟೂ ಚೆಂಡು ಹೋಗುವ ದೂರ ಕಡಿಮೆ. ಪಿಂಗ್ ಕಂಪನಿಯ ಐ2 ಐರನ್‌ಗಳು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ನನ್ನ ಕೈಗೆ ಒಂದು ಸೆಟ್ ಸಿಕ್ಕಿ 11 ವರ್ಷವಾಯಿತು. ಆಗಲೇ ಅದು ಎಷ್ಟು ಕೈ ದಾಟಿ ಬಂದಿತ್ತೋ ಗೊತ್ತಿಲ್ಲ. ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು) 14ರ ಆಸುಪಾಸು, ಒಳ್ಳೆಯ ದಿನ 12, ಕೆಟ್ಟ ದಿನದ ಮಾತು ಬೇಡ. ನಾನು 6 ನಂಬರ್ ತೆಗೆಯುವ ದೂರಕ್ಕೆ ಜೊತೆಗಾರರು 8 ನಂಬರ್ ತೆಗೆಯುವುದನ್ನು ವರ್ಷಗಟ್ಟಲೆ ನೋಡಿ ಹೊಟ್ಟೆ ಉರಿದು, ಮೂರು ವರ್ಷದ ಹಿಂದೆ ಒಂದು ಹೊಸ ಸೆಟ್ ಕೊಂಡೆ. ಒಳಗೆ ಟೊಳ್ಳು, ಚೆಂಡಿಗೆ ತಾಗುವ ಫೇಸ್ ತೆಳು, ತಳದಲ್ಲಿ ಟಂಗ್‌ಸ್ಟನ್ ತೂಕ, ಸದ್ದಡಗಿಸಲು ಹೊಟ್ಟೆಯಲ್ಲಿ ಮೆತ್ತನೆಯ ಫೋಮ್. ಕಂಪನಿಯ ಹೆಸರು ಬೇಡ, ಈಗ ಈ ಜಾತಿಯ ಐರನ್ ಎಲ್ಲರೂ ಮಾಡುತ್ತಾರೆ. ಅಂದಿನಿಂದ ಎರಡೂ ಸೆಟ್‌ಗಳನ್ನು ಅದಲುಬದಲು ಮಾಡಿ ಆಡುತ್ತಿದ್ದೇನೆ.

ಹೊಸ ಸೆಟ್‌ನ ಮೊದಲ ದಿನ ನಾನು ತೇಲಾಡಿದ್ದು ಸುಳ್ಳಲ್ಲ. 7 ನಂಬರ್‌ನಲ್ಲಿ 152 ಗಜ ಕ್ಯಾರಿ, ಅಂದರೆ ಚೆಂಡು ನೆಲ ಮುಟ್ಟುವವರೆಗಿನ ದೂರ! ಐ2ನ 7 ನಂಬರ್ ನನಗೆ 138 ಗಜ ಕೊಟ್ಟರೆ ಅದೇ ಹಬ್ಬ. ಹದಿನಾಲ್ಕು ಗಜ ಎಲ್ಲಿಂದ ಬಂತು? ತಂತ್ರಜ್ಞಾನದಿಂದ ಅಂದುಕೊಂಡೆ. ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿದ ಕೋನ, ಅಳೆಯುವ ಗೇಜ್ ಒಂದು ಸಿಕ್ಕ ದಿನ ಆ ಖುಷಿ ಅರ್ಧಕ್ಕಿಳಿಯಿತು. ನನ್ನ ಐ2ನ 7 ನಂಬರ್ ಸುಮಾರು 35 ಡಿಗ್ರಿ, ಹೊಸದು 29. ಹಳೆಯ ಪಿಚಿಂಗ್ ವೆಡ್ಜ್ (9ರ ನಂತರ ಬರುವ, ಹತ್ತಿರದ ಹೊಡೆತದ ಕ್ಲಬ್) 50ರ ಹತ್ತಿರ, ಹೊಸದು 43. ಅಂದರೆ ಹೊಸ ಪಿಚಿಂಗ್ ವೆಡ್ಜ್ ನನ್ನ ಹಳೆಯ 9 ನಂಬರ್‌ಗಿಂತಲೂ ಕಡಿಮೆ ವಾಲಿದೆ. ಮೇಲಿಂದ ಹೊಸದರ ಶಾಫ್ಟ್ (ದಂಡ) ಕೂದಲೆಳೆ ಉದ್ದ, ತೂಕ ಕಡಿಮೆ. 5 ನಂಬರ್‌ನ ಅಡಿಯಲ್ಲಿ 7 ಎಂದು ಕೆತ್ತಿ ಕೊಟ್ಟರೆ ಯಾರ 7 ನಂಬರ್ ತಾನೇ ದೂರ ಹೋಗುವುದಿಲ್ಲ?

ಇಲ್ಲಿ ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಲಾಫ್ಟ್ ಕಡಿಮೆ ಮಾಡಿದ್ದು ಬರೀ ಮೋಸ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ತೂಕವನ್ನು ತಳಕ್ಕೆ ತಳ್ಳಿ, ಫೇಸ್ ತೆಳುಮಾಡಿದರೆ ಚೆಂಡು ತಾನಾಗಿಯೇ ಮೇಲೇಳುತ್ತದೆ. ಅಂಥ ತಲೆಗೆ ಹಳೆಯ 35 ಡಿಗ್ರಿ ಕೊಟ್ಟರೆ ಚೆಂಡು ಆಕಾಶಕ್ಕೆ ಹೋಗಿ ಮುಂದೆ ಹೋಗುವುದೇ ಇಲ್ಲ. ಹಾಗಾಗಿ ವಾಲಿಕೆ ಕಡಿಮೆ ಮಾಡಿ, ಎತ್ತರ ಮೊದಲಿನಷ್ಟೇ ಇಟ್ಟು, ದೂರ ಹೆಚ್ಚಿಸಿದರು. ಲೆಕ್ಕ ಸರಿ. ಆದರೆ ಆ ಲೆಕ್ಕ ಕೂಡಿಬರುವುದು ವೇಗವಾಗಿ ಬೀಸುವವರಿಗೆ. ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಆಟಗಾರರ 7 ನಂಬರ್ ಬಗ್ಗೆ, ಚೆಂಡಿನ ಹಾರಾಟ ಅಳೆಯುವ ಯಂತ್ರ ಮಾಡುವ ಟ್ರ್ಯಾಕ್‌ಮ್ಯಾನ್ ಹಿಂದೆ ಪ್ರಕಟಿಸಿದ, ಎಲ್ಲರೂ ಉದಾಹರಿಸುತ್ತಿದ್ದ ಸರಾಸರಿ ಪಟ್ಟಿ ನೋಡಿ: ಕ್ಲಬ್ ವೇಗ ಗಂಟೆಗೆ 90 ಮೈಲಿ, ಕ್ಯಾರಿ 172 ಗಜ, ಸ್ಪಿನ್ (ಚೆಂಡು ತಿರುಗುವುದು) ನಿಮಿಷಕ್ಕೆ 7,000 ಸುತ್ತಿಗೂ ಮೇಲೆ, ಚೆಂಡು ಇಳಿಯುವ ಕೋನ 50 ಡಿಗ್ರಿ. ನನ್ನ ವೇಗ 78 ಮೈಲಿ. ಹೊಸ 7 ನಂಬರ್‌ನಲ್ಲಿ ನನ್ನ ಸ್ಪಿನ್ 5,000 ದಾಟುವುದು ಅಪರೂಪ, ಇಳಿಯುವ ಕೋನ 41 ಆದರೆ ಹೆಚ್ಚು. ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೆ ಬಿದ್ದ ಚೆಂಡು ಬಸ್ಸು ತಪ್ಪಿಸಿಕೊಂಡವನ ಹಾಗೆ ಓಡುತ್ತದೆ. ಹಳೆಯ 7 ನಂಬರ್‌ನಲ್ಲಿ ಸ್ಪಿನ್ 6,000ದ ಮೇಲೆ. ಬಿದ್ದಲ್ಲಿ ಎರಡು ಹೆಜ್ಜೆ ಹಾರಿ ನಿಲ್ಲುತ್ತದೆ. ಮುಂದೆ ಮರಳಿನ ಬಂಕರ್, ಹಿಂದೆ ಇಳಿಜಾರು ಇರುವ ಗ್ರೀನ್‌ಗೆ ಯಾವುದು ಬೇಕು ಅಂತ ನೀವೇ ಹೇಳಿ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ನಂಬರ್ ನೋಡಿಯೇ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ ಎಂದು ಒಂದು ಸಂಜೆ ಗೆಳೆಯನೊಬ್ಬನನ್ನು ಹಿಡಿದು ಎಲ್ಲಾ ಐರನ್‌ಗಳ ಅಡಿಗೆ ಟೇಪ್ ಅಂಟಿಸಿದೆ. ನಂಬರ್‌ಗೆ ನಂಬರ್ ಅಲ್ಲ, ಲಾಫ್ಟ್‌ಗೆ ಲಾಫ್ಟ್ ಜೋಡಿಸಿದೆವು. ಹಳೆಯ 7ರ ಎದುರು ಹೊಸ 8, ಅದು 33.5 ಡಿಗ್ರಿ. ತಲೆಯ ಆಕಾರ ಕಣ್ಣಿಗೆ ಬೀಳುವುದರಿಂದ ಪೂರ್ತಿ ಕುರುಡು ಪರೀಕ್ಷೆಯಲ್ಲ, ಆದರೂ ನಂಬರ್ ಅನ್ನುವ ಭೂತ ಇಳಿಯಿತು. ಒಂದೊಂದರಲ್ಲಿ 20 ಚೆಂಡು, ಎಲ್ಲವೂ ನಾನು ದಿನಾ ಆಡುವ ಚೆಂಡೇ, ರೇಂಜಿನ ಸವೆದ ಚೆಂಡಲ್ಲ.

ನಡುಮಧ್ಯದಲ್ಲಿ ತಾಗಿದ ಹೊಡೆತಗಳಲ್ಲಿ ವ್ಯತ್ಯಾಸ ಮೂರು ನಾಲ್ಕು ಗಜ. ಅಷ್ಟೇ. ಅದರಲ್ಲೂ ಒಂದೆರಡು ಗಜ ಆ ಒಂದೂವರೆ ಡಿಗ್ರಿಯದ್ದು. ಟೋ (ತಲೆಯ ಹೊರತುದಿ) ಕಡೆಗೆ ತಾಗಿದವುಗಳಲ್ಲಿ ಮಾತ್ರ ಹೊಸದರ ಕೈ ಮೇಲು: ಹಳೆಯದು 15 ಗಜ ಕಳೆದುಕೊಂಡರೆ ಹೊಸದು 8. ಇದನ್ನೇ ಕ್ಷಮಾಗುಣ ಅನ್ನುವುದು, ಇದಕ್ಕೇ ಹಣ ಕೊಡಬೇಕಾದದ್ದು. ಆದರೆ ಹೊಸದು ಇನ್ನೊಂದು ಆಟವನ್ನೂ ಆಡಿತು. ಎಲ್ಲಾ ಸರಿಯಾಗಿ ತಾಗಿದ ಎರಡು ಚೆಂಡು ಸುಮ್ಮಸುಮ್ಮನೆ ಹತ್ತು ಗಜ ಮುಂದಕ್ಕೆ ಹಾರಿಹೋದವು. ಸ್ಪ್ರಿಂಗಿನಂಥ ಫೇಸ್‌ನ ಒಂದು ಬಿಂದುವಿಗೆ ತಾಗಿದರೆ, ಅದೂ ಸ್ಪಿನ್ ಕಡಿಮೆಯಾದರೆ, ಹೀಗಾಗುತ್ತದೆ. ಕೋರ್ಸಿನಲ್ಲಿ ಈ ಬಗೆಯ ಹೊಡೆತ ನನ್ನನ್ನು ಗ್ರೀನ್ ಹಿಂದಿನ ಪೊದೆಗೆ ಕಳಿಸಿದ್ದು ಎಷ್ಟು ಸಲವೋ. ಕಡಿಮೆ ಬಿದ್ದರೆ ಬೈದುಕೊಳ್ಳಬಹುದು, ಚೆನ್ನಾಗಿ ಹೊಡೆದದ್ದಕ್ಕೆ ಶಿಕ್ಷೆಯಾದರೆ ಯಾರನ್ನು ಬೈಯುವುದು?

ಐ2 ಹಳೆಯದು ಹೌದು, ಆದರೆ ಹಳೆಯ ಐರನ್‌ಗಳಿಗೆಲ್ಲ ಅದು ಪ್ರತಿನಿಧಿಯಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದನ್ನು ರೂಪಿಸಿದ ಕಾರ್ಸ್ಟನ್ ಸೋಲ್ಹೈಮ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದವರು. ತಲೆಯ ನಡುವಿನ ಲೋಹವನ್ನು ತೆಗೆದು ಅಂಚಿಗೆ ಹಂಚಿದರೆ ತಪ್ಪಾಗಿ ತಾಗಿದಾಗ ತಲೆ ಕಡಿಮೆ ತಿರುಗುತ್ತದೆ ಎಂಬ ಅವರ ವಿಚಾರ ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್‌ನಿಂದ ಶುರುವಾಗಿ ಐರನ್‌ಗೆ ಬಂತು. ಇವತ್ತಿನ ಟಂಗ್‌ಸ್ಟನ್, ಟೊಳ್ಳು ಹೊಟ್ಟೆ ಎಲ್ಲವೂ ಅದೇ ವಿಚಾರದ ಮೊಮ್ಮಕ್ಕಳು. ಅದಕ್ಕೇ ಐ2 ಇಂದಿಗೂ ನಿಲ್ಲುತ್ತದೆ. ಇದಕ್ಕಿಂತ ಮೊದಲು ಒಂದು ವರ್ಷ ನಾನು ಹಳೆಯ ಫೋರ್ಜ್ಡ್ ಬ್ಲೇಡ್ (ಬಡಿದು ಮಾಡಿದ, ಹಿಂಬದಿ ಗುಳಿಯಿಲ್ಲದ ತೆಳು ತಲೆ) ಸೆಟ್ ಒಂದನ್ನು ಆಡಿದ್ದೆ. ಅದು ಬೇರೆ ಲೋಕ. ಸರಿಯಾಗಿ ತಾಗಿದಾಗ ಬೆಣ್ಣೆ, ಅರ್ಧ ಇಂಚು ತಪ್ಪಿದರೆ ಮೊಣಕೈವರೆಗೂ ಜುಮ್ಮೆನ್ನುತ್ತಿತ್ತು, ಚೆಂಡು ನೀರಿನಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಬ್ಲೇಡ್ ಡೊಂಕು ಎಂದು ಮಾರಿಬಿಟ್ಟೆ. ನನ್ನಂಥವರಿಗೆ ಹಳೆಯ ಬ್ಲೇಡ್ ಬೇಡವೇ ಬೇಡ. ಹಳೆಯದು ಚೆನ್ನ ಎಂದು ನಾನು ಹೇಳುವಾಗಲೆಲ್ಲ ಹಳೆಯ ಕ್ಯಾವಿಟಿ ಬ್ಯಾಕ್ (ಐ2ನಂತೆ ಹಿಂಬದಿ ಗುಳಿ ತೆಗೆದದ್ದು) ಎಂದು ಓದಿಕೊಳ್ಳಿ.

ಇನ್ನೊಂದು ಸಂಗತಿ ಈ ಹೋಲಿಕೆಯಲ್ಲಿ ಯಾರೂ ಎತ್ತುವುದಿಲ್ಲ: ಚೆಂಡು. ಐ2 ತಯಾರಾದ ಕಾಲಕ್ಕೆ ಒಳ್ಳೆಯ ಆಟಗಾರರು ಆಡುತ್ತಿದ್ದದ್ದು ದಾರ ಸುತ್ತಿದ, ಬಲಾಟಾ ಎಂಬ ರಬ್ಬರಿನಂಥ ಮೃದು ಹೊದಿಕೆಯ ಚೆಂಡು. ದಾರವಿಲ್ಲದ, ಗಟ್ಟಿ ಒಳಭಾಗದ ಟೈಟ್ಲಿಸ್ಟ್ ಪ್ರೊ ವಿ1 ಚೆಂಡು ಟೂರ್‌ಗೆ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ಅಲ್ಲಿಂದ ದಾರದ ಚೆಂಡು ಬಹುಬೇಗ ಮಾಯವಾಯಿತು. ಇವತ್ತಿನ ಚೆಂಡು ಉದ್ದ ಹೊಡೆತಗಳಲ್ಲಿ ಕಡಿಮೆ ತಿರುಗುತ್ತದೆ, ಗಾಳಿಯಲ್ಲಿ ನೇರ ಹೋಗುತ್ತದೆ. ಅಂದರೆ ಈಗ ಐ2 ಆಡುವವನಿಗೆ ಸಿಗುವ ಆಟ 1985ರಲ್ಲಿ ಅದೇ ಕ್ಲಬ್ ಹಿಡಿದವನಿಗೆ ಸಿಗುತ್ತಿದ್ದ ಆಟವಲ್ಲ. ಹೊಸ ಕಾಲದ ಲಾಭದಲ್ಲಿ ಅರ್ಧಪಾಲು ಚೆಂಡಿನ ಒಳಗೇ ಇದೆ, ಅದು ಹಳೆಯ ಕ್ಲಬ್‌ಗೂ ಸಿಗುತ್ತದೆ ಎನ್ನುವುದು ನನ್ನ ಅನಿಸಿಕೆ.

ಹನ್ನೊಂದು ವರ್ಷದಲ್ಲಿ ಲೋಹಕ್ಕೆ ಏನಾಗಿದೆ? ಹೆಚ್ಚೇನೂ ಇಲ್ಲ. ಐ2 ಎರಕ ಹೊಯ್ದ 17-4 ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್, ಗಟ್ಟಿ ಪಿಂಡ. ಸೋಲ್ (ತಲೆಯ ತಳ) ತುಂಬಾ ಗೀರುಗಳಿವೆ, ಗ್ರೂವ್ (ಫೇಸ್ ಮೇಲೆ ಕೊರೆದ ಗೆರೆ) ಅಂಚು ಮಾತ್ರ ಇನ್ನೂ ಉಗುರಿಗೆ ಸಿಗುತ್ತದೆ. ಮೃದು ಕಾರ್ಬನ್ ಸ್ಟೀಲ್‌ನ ಫೋರ್ಜ್ಡ್ ವೆಡ್ಜ್‌ಗಳು ಇಷ್ಟರಲ್ಲಿ ನುಣ್ಣಗಾಗಿರುತ್ತಿದ್ದವು. ಗಟ್ಟಿತನದ ಇನ್ನೊಂದು ಮುಖ, ಬಗ್ಗಿಸುವುದು ಕಷ್ಟ. ನನ್ನ ಸೆಟ್‌ನ ತಲೆಯಲ್ಲಿ ಕೆಂಪು ಚುಕ್ಕಿ ಇತ್ತು. ಪಿಂಗ್‌ನ ಬಣ್ಣದ ಲೆಕ್ಕದಲ್ಲಿ ಕಪ್ಪು ಎಂದರೆ ಸಾಧಾರಣ, ಕೆಂಪು ಎಂದರೆ ಚಪ್ಪಟೆ ಲೈ, ಅಂದರೆ ಶಾಫ್ಟ್ ನೆಲದತ್ತ ಹೆಚ್ಚು ಬಾಗಿದ್ದು. ಅದು ತಿಳಿಯದೆ ಎರಡು ವರ್ಷ ಚೆಂಡು ಬಲಕ್ಕೇ ಹೋಗುತ್ತದೆ ಎಂದು ಸ್ವಿಂಗ್ ತಿದ್ದುತ್ತಾ ಕೂತಿದ್ದೆ! ತಿಳಿದವರೊಬ್ಬರು ಒಂದು ಡಿಗ್ರಿ ನೆಟ್ಟಗೆ ಬಗ್ಗಿಸಿಕೊಟ್ಟರು, ಅದಕ್ಕಿಂತ ಹೆಚ್ಚು ಬಗ್ಗಿಸಲು ಒಪ್ಪಲಿಲ್ಲ. ಅಷ್ಟಕ್ಕೇ ಬಲದ ಕಾಯಿಲೆ ಮುಕ್ಕಾಲು ವಾಸಿಯಾಯಿತು. ಬಳಸಿದ ಐ2 ಕೊಳ್ಳುವವರು ಚುಕ್ಕಿಯ ಬಣ್ಣ ಮೊದಲು ನೋಡಿ, ಆಮೇಲೆ ಎಲ್ಲಾ ತಲೆಗಳ ಸೀರಿಯಲ್ ನಂಬರ್ ಒಂದೇ ಇದೆಯೇ ನೋಡಿ. ಬೇರೆಬೇರೆ ಇದ್ದರೆ ಅದು ನಾಲ್ಕು ಮನೆಯಿಂದ ಆರಿಸಿ ತಂದ ಸೆಟ್. ನಕಲಿಗಳೂ ಬೇಕಾದಷ್ಟಿವೆ.

ಗ್ರಿಪ್ ನಾಲ್ಕು ಸಲ ಬದಲಿಸಿದ್ದೇನೆ. ಹಳೆಯ ಐರನ್ ಆಡಿ ನೋಡಿ ಚೆನ್ನಾಗಿಲ್ಲ ಎಂದವರಲ್ಲಿ ಅರ್ಧ ಜನ ಒಣಗಿ ಕಲ್ಲಾದ ಗ್ರಿಪ್ ಹಿಡಿದು ಹಾಗೆಂದಿರುತ್ತಾರೆ. ಬೀಳದಿರಲೆಂದು ಬಿಗಿ ಹಿಡಿದರೆ ಯಾವ ಸ್ವಿಂಗ್ ತಾನೇ ಬಂದೀತು. ನಾನು ಆಗ ಹೇಳಿದೆನಲ್ಲ, ಆ ಬ್ಲೇಡ್ ಸೆಟ್‌ನ 8 ನಂಬರ್ ತಲೆ ಒಂದು ದಿನ ಚೆಂಡಿಗಿಂತ ಮುಂದೆ ಹಾರಿ ಹೋಗಿತ್ತು. ಒಳಗಿನ ಅಂಟು ಪುಡಿಪುಡಿ, ಶಾಫ್ಟ್ ತುದಿಗೆ ತುಕ್ಕು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಮೂವತ್ತು ವರ್ಷದ ಯಾವ ಕ್ಲಬ್ ಕೊಂಡರೂ ತಲೆ ಹಿಡಿದು ತಿರುಚಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಮರು ಅಂಟಿಸದೆ ಆಡಬೇಡಿ.

ನಿಯಮದ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಐ2ನ ಚೌಕ ಗ್ರೂವ್‌ಗಳು ಅಮೆರಿಕದಲ್ಲಿ ಆಟದ ನಿಯಮ ರೂಪಿಸುವ ಯುಎಸ್‌ಜಿಎ ಸಂಸ್ಥೆಯ ಜೊತೆ ದೊಡ್ಡ ಕಾನೂನು ಜಗಳಕ್ಕೆ ಕಾರಣವಾದವು. ಅಂಚುಗಳು ಚೆಂಡಿನ ಸಿಪ್ಪೆ ಸುಲಿಯುತ್ತವೆಂದು ಪಿಂಗ್ ಅವನ್ನು ದುಂಡಗೆ ಮಾಡಿತು. ದುಂಡಗೆ ಮಾಡಿದ್ದರಿಂದ ಗ್ರೂವ್‌ಗಳ ನಡುವಿನ ಅಂತರ ಕಡಿಮೆಯಾಯಿತೆಂಬುದು ತಕರಾರು. 1990ರಲ್ಲಿ ರಾಜಿಯಾಗಿ, ಆ ವರ್ಷದ ಏಪ್ರಿಲ್ 1ಕ್ಕೆ ಮೊದಲು ತಯಾರಾದವು ಸಕ್ರಮ ಎಂದಾಯಿತು. ಇದರ ಬಾಲ 2010ರಲ್ಲಿ ಮತ್ತೆ ಅಲ್ಲಾಡಿತು. ಟೂರ್‌ನಲ್ಲಿ ಗ್ರೂವ್ ಅಂಚಿನ ಚೂಪು ಕಡಿಮೆ ಮಾಡುವ ಹೊಸ ನಿಯಮ ಬಂದ ವರ್ಷವೇ ಹೆಸರಾಂತ ವೃತ್ತಿಪರ ಫಿಲ್ ಮಿಕೆಲ್ಸನ್ ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್ ಕೋರ್ಸಿನಲ್ಲಿ ಹಳೆಯ ಐ2 ವೆಡ್ಜ್ ಹಿಡಿದು ಆಡಿದರು, ರಾಜಿಯ ಪ್ರಕಾರ ಅದು ಸಕ್ರಮವೇ. ಗದ್ದಲವಾಯಿತು, ಅದೇ ವರ್ಷ ಪಿಂಗ್ ಒಪ್ಪಿಗೆಯಿಂದ ಪಿಜಿಎ ಟೂರ್ ಆ ಬಾಗಿಲು ಮುಚ್ಚಿತು. ನಮ್ಮಂಥ ವಾರಾಂತ್ಯದ ಆಟಗಾರರಿಗೆ ಇದರಿಂದ ತೊಂದರೆಯಿಲ್ಲ. ದೊಡ್ಡ ಸ್ಪರ್ಧೆಗೆ ಹೋಗುವುದಾದರೆ ಗ್ರೂವ್ ಬಗ್ಗೆ ಸಮಿತಿ ಸ್ಥಳೀಯ ನಿಯಮ ಹಾಕಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಸದ್ದು, ಸ್ಪರ್ಶದ ವಿಷಯ ರುಚಿಗೆ ಬಿಟ್ಟದ್ದು ಎನ್ನುತ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಹೊಸದರಲ್ಲಿ ಟೋಗೆ ತಾಗಲಿ, ನಡುವಿಗೆ ತಾಗಲಿ, ಅದೇ ಮೆತ್ತನೆ 'ಧಪ್'. ನಾಲ್ಕು ತಿಂಗಳು ಅದೊಂದನ್ನೇ ಆಡಿದ ಮೇಲೆ ಫೇಸ್‌ಗೆ ಪೌಡರ್ ಸ್ಪ್ರೇ ಹೊಡೆದು ನೋಡಿದರೆ ನನ್ನ ಗುರುತುಗಳೆಲ್ಲ ಟೋ ಕಡೆಗೆ ಸರಿದಿದ್ದವು, ನನಗೆ ಸುಳಿವೇ ಇರಲಿಲ್ಲ. ಐ2ಗೆ ಮರಳಿದ ಎರಡನೇ ವಾರಕ್ಕೆ ಕೈ ತಾನೇ ಸರಿಹೋಯಿತು, ಏಕೆಂದರೆ ಅದು ಪ್ರತಿ ತಪ್ಪಿಗೂ 'ಟಿಣ್' ಎಂದು ಹೆಸರು ಹಿಡಿದು ಕೂಗುತ್ತದೆ. ರೂಪ ಮಾತ್ರ ಕೇಳಬೇಡಿ. ಎತ್ತರದ ಟೋ, ಹಿಂದಕ್ಕೆ ಸರಿದ ಫೇಸ್, ಹೊಸೆಲ್ (ಶಾಫ್ಟ್ ಸೇರುವ ಕತ್ತು) ಬುಡ ಕಚ್ಚಿ ತೆಗೆದಂತೆ. ಆ ಕಚ್ಚಿದ ಜಾಗವೇ ರಫ್‌ನ ಎತ್ತರದ ಹುಲ್ಲು ಸುತ್ತಿಕೊಳ್ಳದಂತೆ ಕಾಯುತ್ತದೆ ಎಂದು ತಿಳಿದ ಮೇಲೆ ನನಗೆ ಕುರೂಪವೂ ಮುದ್ದಾಗಿದೆ.

ಉದ್ದ ಐರನ್‌ಗಳಲ್ಲಿ (3, 4, 5 ನಂಬರ್) ವಾದಕ್ಕೆ ಜಾಗವೇ ಇಲ್ಲ, ಹೊಸದೇ ಗೆಲ್ಲುತ್ತದೆ. ಐ2ನ 4 ನಂಬರ್ ನನ್ನ ವೇಗಕ್ಕೆ ಮೇಲೇಳುವುದೇ ಇಲ್ಲ, 3 ನಂಬರ್‌ನಿಂದ ಮನೆಯಲ್ಲಿ ಸೋಫಾ ಕೆಳಗಿನ ಚೆಂಡು ಎಳೆಯುತ್ತೇನೆ. ಹೊಸ 5 ನಂಬರ್ ಅದೇ ದೂರಕ್ಕೆ ಎತ್ತರದಲ್ಲಿ ಹೋಗುತ್ತದೆ, ಸ್ವಲ್ಪ ನೆಲಕ್ಕೆ ಮೊದಲು ತಾಗಿದರೂ ಅಗಲ ಸೋಲ್ ಜಾರಿ ಮುಂದೆ ಕರೆದುಕೊಂಡು ಹೋಗುತ್ತದೆ. ಹೊಸ ಸೆಟ್‌ನ ಕೊನೆಯಲ್ಲಿ ಮಾತ್ರ ತಲೆನೋವು: 43 ಡಿಗ್ರಿಯ ಪಿಚಿಂಗ್ ವೆಡ್ಜ್ ಆದ ಮೇಲೆ ಮರಳಿನಿಂದ ಚೆಂಡೆತ್ತುವ 56ರ ಸ್ಯಾಂಡ್ ವೆಡ್ಜ್‌ವರೆಗೆ ದೊಡ್ಡ ಹಳ್ಳ. ತುಂಬಲು ಇನ್ನೂ ಎರಡು ವೆಡ್ಜ್ ಬೇಕು. ನಿಯಮದ ಹದಿನಾಲ್ಕು ಕ್ಲಬ್‌ಗಳ ಮಿತಿಯಲ್ಲಿ ಹೊಸ ಸೆಟ್ ಮೇಲೆ ಕೊಟ್ಟದ್ದನ್ನು ಕೆಳಗೆ ಕಿತ್ತುಕೊಳ್ಳುತ್ತದೆ.

ಹಾಗಾಗಿ ಒಂದು ವರ್ಷದಿಂದ ಬ್ಯಾಗ್ ಹೀಗಿದೆ: 4 ನಂಬರ್ ಜಾಗಕ್ಕೆ ಹೈಬ್ರಿಡ್ (ಐರನ್, ವುಡ್ ಎರಡರ ಮಿಶ್ರ ಕ್ಲಬ್), ಹೊಸ ಸೆಟ್‌ನ 5, 6, 7, ಅಲ್ಲಿಂದ ಮುಂದಕ್ಕೆ ಐ2ನ 7, 8, 9, ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್. 29 ಡಿಗ್ರಿಯಿಂದ 35ಕ್ಕೆ ಜಿಗಿತ ತುಸು ಜಾಸ್ತಿ. ನಡುವಿನ ದೂರ ಬಿದ್ದರೆ ಹೊಸ 7ನ್ನು ಒಂದು ಇಂಚು ಕೆಳಗೆ ಹಿಡಿಯುತ್ತೇನೆ. ಭಾರದ ಹಳೆಯ ಶಾಫ್ಟ್, ಹಗುರ ಹೊಸ ಶಾಫ್ಟ್ ಒಟ್ಟಿಗೆ ಒಗ್ಗಲು ಎರಡು ತಿಂಗಳು ಹಿಡಿಯಿತು. ಈಗ ಗ್ರೀನ್ ಮೇಲೆ ಚೆಂಡು ನಿಂತಾಗ ಜೊತೆಗಾರ ಎಂದಿನಂತೆ ಕೇಳುತ್ತಾನೆ, "ಎಷ್ಟು ನಂಬರ್ ಹೊಡೆದೆ?"

"ಏಳು."

"ಯಾವ ಏಳಪ್ಪಾ?"